ಕಲ್ಲಕ್ಷರದ ಮುಂದೆ ಇಳಿದ ಪರದೆ

ಇಂಗಳೇಶ್ವರದ ವಚನ ಶಿಲಾಮಂಟಪದಲ್ಲಿ ಶರಣರ ನುಡಿಗಳನ್ನು ಕಲ್ಲಿಗೇ ಒಪ್ಪಿಸಿರುವುದರಿಂದ, ಕೊರೆದಕ್ಷರದ ಓದನ್ನೇ ವ್ಯಸನವಾಗಿಸಿಕೊಂಡ ನನ್ನಂಥವರಿಗೆ ಅದು ತೀರ್ಥಸ್ಥಳವೇ ಸರಿ. ಈಚೆಗೆ ಅಲ್ಲಿ ಸಾಲಿನಿಂದ ಸಾಲಿಗೆ ಬೆರಳಾಡಿಸುತ್ತ ಓದುತ್ತಿದ್ದ ನನ್ನ ಹಿರಿಯ ಒಡನಾಡಿಯೊಬ್ಬರು ತಟಕ್ಕನೆ ನಿಂತು, “ತಮ್ಮಾ, ಬಲಗಣ್ಣಿಗೆ ಪರದಿ ಇಳದ್ಹಂಗಾತು ನೋಡು” ಎಂದರು. ಐದಾರು ನಿಮಿಷಗಳಲ್ಲಿ ಅದು ತಾನಾಗಿಯೇ ಸರಿಯಿತು, ನೋವಿಲ್ಲ, ಕೆಂಪಿಲ್ಲ, ಕನ್ನಡಕ ಬದಲಿಸಿದರಾಯಿತೆಂದು ಇಬ್ಬರೂ ನಿಶ್ಚಿಂತರಾದೆವು. ದೋಷವಿದ್ದುದು ಕಣ್ಣಿನಲ್ಲಲ್ಲ, ಕತ್ತಿನಲ್ಲಿ ಎಂಬುದು ಡಾಪ್ಲರ್ ಪರೀಕ್ಷೆಯಾದ ಮೇಲೆ ತಿಳಿಯಿತು.

ಕತ್ತಿನ ಇಕ್ಕೆಲಗಳಲ್ಲಿ ಮೇಲೇರುವ ಕೆರೋಟಿಡ್ ಧಮನಿಯು ದವಡೆಯ ಕೆಳಗೆ ಎರಡಾಗಿ ಕವಲೊಡೆಯುವುದು. ಅದರ ಒಳಗವಲು ತಲೆಬುರುಡೆಯನ್ನು ಹೊಕ್ಕು ನೀಡುವ ಮೊದಲ ಮುಖ್ಯ ಶಾಖೆಯೇ ನೇತ್ರಧಮನಿ. ಕವಲಿನಲ್ಲಿ ಶೇಖರವಾದ ಮೇದಸ್ಸಿನ ಚೂರೊಂದು ಕಳಚಿ ತೇಲಿಬಂದು ಅಕ್ಷಿಪಟಲದ ಸೂಕ್ಷ್ಮನಾಳದಲ್ಲಿ ಕ್ಷಣಕಾಲ ಸಿಲುಕಿದರೆ, ಆ ಪರದೆ ಇಳಿಯುವುದು. ಮುಂದಿನ ಚೂರು ಮಿದುಳಿಗೆ ಹೋದರೆ ಲಕ್ವ.

ಕತ್ತಿನ ಧಮನಿಯು ತೀರ ಸಂಕುಚಿತವಾದಾಗ ನಡೆಯುವುದು ಇನ್ನೂ ವಿಸ್ಮಯಕರ. ಮಿದುಳಿನ ದಾಹ ತಣಿಸಲು ಮುಖದ ಕಡೆಯ ರಕ್ತವು ನೇತ್ರಧಮನಿಯಲ್ಲಿ ಹಿಮ್ಮುಖವಾಗಿ ಹರಿಯತೊಡಗಿ, ಆಲಮಟ್ಟಿಯ ಕಾಲುವೆಯ ಕೊನೆಯಂಚಿನ ರೈತನ ಹೊಲದಂತೆ, ಕಣ್ಣು ಒಣಗುವುದು. ಕತ್ತಿನ ಧಮನಿಯನ್ನು ಸೀಳಿ ಒಳಗಿನ ಮೇದಸ್ಸನ್ನು ಬಿಡಿಸಿ ತೆಗೆದು ಮತ್ತೆ ಹೊಲಿದಾಗ, ಆ ಹರಿವು ಬಹುಮಟ್ಟಿಗೆ ಮುಮ್ಮುಖವಾಗಿ ತಿರುಗುವುದೆಂಬುದು ನನಗೆ ಈ ಶಸ್ತ್ರಕ್ರಿಯೆಯ ಅತಿ ಸುಂದರ ಅಂಶವಾಗಿ ತೋರುತ್ತದೆ. 1954ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಈಸ್ಟ್‌ಕಾಟ್ ಮತ್ತು ಸಂಗಡಿಗರು ಮರುಕಳಿಸುವ ಪಾರ್ಶ್ವವಾಯುವಿನ ರೋಗಿಯೊಬ್ಬಳ ಕತ್ತಿನ ಧಮನಿಯ ರೋಗಗ್ರಸ್ತ ಭಾಗವನ್ನು ಕತ್ತರಿಸಿ, ತುದಿಗಳನ್ನು ಜೋಡಿಸಿ ಈ ಹಾದಿಯನ್ನು ತೆರೆದರು.

ಆದರೆ ಅದಾಗಲೇ ಸತ್ತ ಅಕ್ಷಿಪಟಲ ಮರಳಿ ಬದುಕದು. ದೀರ್ಘಕಾಲ ರಕ್ತವಿಲ್ಲದೆ ಬಳಲಿ, ಒಳಗೆ ಕೆಟ್ಟ ಹೊಸನಾಳಗಳು ಬೆಳೆದಿರುವ ಕಣ್ಣಿಗೆ ಹಠಾತ್ತನೆ ಹರಿವು ಮರಳಿದರೆ ಕಣ್ಣಿನ ಒತ್ತಡವೂ ಏರಬಹುದಾದ್ದರಿಂದ, ಆಮೇಲೂ ನೇತ್ರವೈದ್ಯರ ಕಾವಲು ಬೇಕು. ಶಸ್ತ್ರಕ್ರಿಯೆಯೇ ಲಕ್ವಕ್ಕೆ ಕಾರಣವಾಗುವ ಅಪಾಯವೂ ಇಲ್ಲದಿಲ್ಲ. ಲಕ್ಷಣ ಕಂಡವರಲ್ಲಿ ಸಂಕೋಚ ನೂರಕ್ಕೆ 70ನ್ನು ಮೀರಿದ್ದು, ಧಮನಿ ಪೂರ್ತಿ ಮುಚ್ಚಿರದಾಗ, ಎರಡು ವಾರಗಳೊಳಗೆ ಮಾಡಿದ ಶಸ್ತ್ರಕ್ರಿಯೆಗೆ ಲಾಭ ಹೆಚ್ಚು.

ಓದುವ ರಸಿಕರೇ, ಒಂದು ಕಣ್ಣಿಗೆ ಕತ್ತಲು ಕವಿದು ನಿಮಿಷಗಳಲ್ಲಿ ತೆರವಾದರೆ ಕನ್ನಡಕದ ಅಂಗಡಿಗೆ ಹೋಗಬೇಡಿ; ಅಂದೇ ಆಸ್ಪತ್ರೆಗೆ ಹೋಗಿ, ಕತ್ತನ್ನು ಪರೀಕ್ಷಿಸಿರೆಂದು ಕೇಳಿ.