ಹತ್ತು ಜನ ಸಾಯೋವರೆಗೂ ಕಾಯಬೇಕಾ?

ಮೊಳಕಾಲ್ಮೂರು ಕಡೆಯ ನಮ್ಮ ಹಳ್ಳಿಯಿಂದ ದೊಡ್ಡಮ್ಮ ಚಳ್ಳಕೆರೆಗೆ ಬರೋದು ಎರಡೇ ಕೆಲಸಕ್ಕೆ: ಕಣ್ಣು ತೋರಿಸೋಕೆ, ಇಲ್ಲಾ ಶೇಂಗಾ ಬೀಜಕ್ಕೆ. ಹೋದ ಸಲ ನಾನೂ ಜೊತೆಗಿದ್ದೆ. ಬೆಂಗಳೂರು, ಬಳ್ಳಾರಿ, ಚಿತ್ರದುರ್ಗ, ಪಾವಗಡದ ರಸ್ತೆಗಳು ಸೇರುವ ನೆಹರು ವೃತ್ತದಲ್ಲಿ ದಾಟಬೇಕಿತ್ತು. ಗಾಡಿಗಳು ಕಡಿಮೆಯಾಗಲಿ ಅಂತ ನಾನು ಕಾಯ್ತಿದ್ದೆ. ದೊಡ್ಡಮ್ಮ ಕೈ ಅಡ್ಡ ಹಿಡಿದು ನಡೆದೇ ಬಿಟ್ಟಳು. ಎಡಕ್ಕೆ ತಿರುಗಿದ ಲಾರಿ ಮಾರು ದೂರದಲ್ಲಿ ಕಿರ್ರಂತ ನಿಂತಿತು.

“ನೋಡ್ಕಂಡು ದಾಟಬಾರ್ದಾ ದೊಡ್ಡಮ್ಮಾ?”

“ನೋಡ್ಕಂತಾ ನಿಂತ್ರೆ ಸಂಜೆ ಬಸ್ಸಿಗೂ ಈ ಕಡೀಗೆ ಬರಾಕಾಗಲ್ಲಪ್ಪಾ.”

ಲೆಕ್ಕ ಹಾಕಿದ್ರೆ ಅವಳ ಮಾತೇ ಸರಿ. 12 ಮೀಟರ್ ಅಗಲದ ರಸ್ತೆ ಅಂದ್ಕೊಳ್ಳಿ. ಸೆಕೆಂಡಿಗೆ 0.8 ಮೀಟರ್ ನಡೆಯೋ ವಯಸ್ಸಾದವರಿಗೆ 15 ಸೆಕೆಂಡ್ ಬೇಕು. ಅಷ್ಟರಲ್ಲಿ ಗಂಟೆಗೆ 50 ಕಿ.ಮೀ. ವೇಗದ ಕಾರು 200 ಮೀಟರ್ ಬಂದಿರುತ್ತೆ. ಅಷ್ಟು ದೊಡ್ಡ ಅಂತರ ಸರ್ಕಲ್ಲಿನಲ್ಲಿ ಯಾವಾಗ ಸಿಗಬೇಕು?

ಒಂದೇ ಬಟನ್ನನ್ನು ಸಾವಿರ ಜನ ತಪ್ಪಾಗಿ ಒತ್ತಿದ್ರೆ ನಾವು ಬೈಯೋದು ಜನರನ್ನಲ್ಲ, ಡಿಸೈನನ್ನ. ರಸ್ತೆ ವಿಷಯದಲ್ಲಿ ಮಾತ್ರ ಉಲ್ಟಾ. ‘ನಿಧಾನವಾಗಿ ಚಲಿಸಿ’ ಅಂತ ಬೋರ್ಡು, ಒಂದು ಹಂಪು, ಹೈಮಾಸ್ಟ್ ದೀಪ. ಅದೂ ಸಾಲದಿದ್ರೆ ರಸ್ತೆ ಅಗಲೀಕರಣ. ಅಗಲ ಮಾಡಿದಷ್ಟೂ ವೇಗ ಹೆಚ್ಚುತ್ತೆ, ದೊಡ್ಡಮ್ಮ ನಡೆಯೋ ದೂರನೂ ಹೆಚ್ಚುತ್ತೆ.

ನನಗೆ ಹೆಚ್ಚು ಬೇಜಾರಾಗಿದ್ದು ಸರ್ಕಾರದ ವ್ಯಾಖ್ಯೆ ಓದಿದಾಗ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಒಳಗೆ ಮೂರು ವರ್ಷದಲ್ಲಿ ಸಾವು ಅಥವಾ ಗಂಭೀರ ಗಾಯದ 5 ಅಪಘಾತ, ಇಲ್ಲವೇ 10 ಸಾವು ಆದ್ರೆ ಅದು ‘ಬ್ಲ್ಯಾಕ್ ಸ್ಪಾಟ್’. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ಕಲಂ ಕೂಡ ಹಾಗೇ. ಡಿಸೈನ್ ಮಾನದಂಡ ಪಾಲಿಸದ ಇಲಾಖೆ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷದವರೆಗೆ ದಂಡ. ಆದ್ರೆ ಸಾವೋ ಅಂಗವೈಕಲ್ಯವೋ ಆದ ಮೇಲೆ! ಅಂದ್ರೆ ಟೆಸ್ಟಿಂಗ್ ನಡೆಯೋದು ಜನರ ಮೇಲೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ; ಅದರಲ್ಲಿ ಪಾದಚಾರಿಗಳೇ 32,825.

ಪರಿಹಾರ ರಾಕೆಟ್ ವಿಜ್ಞಾನ ಅಲ್ಲ. ಮೂಲೆಯ ತಿರುವನ್ನ ಬಿಗಿ ಮಾಡಿದ್ರೆ ಗಾಡಿ ನಿಧಾನ ಆಗಲೇಬೇಕು. ಶೇಂಗಾ ಲಾರಿ, ಬಸ್ಸುಗಳ ಹಿಂದಿನ ಚಕ್ರ ಹತ್ತಿ ಹೋಗೋ ಹಾಗೆ ಅಂಚನ್ನ ತಗ್ಗಾಗಿ ಕಟ್ಟಬಹುದು. ರಸ್ತೆ ಮಧ್ಯೆ ನಿಲ್ಲೋಕೆ ಒಂದು ಕಟ್ಟೆ ಇದ್ರೆ ದೊಡ್ಡಮ್ಮ ಒಂದು ಸಲಕ್ಕೆ ಆರೇ ಮೀಟರ್ ದಾಟಬೇಕು, ಒಂದೇ ದಿಕ್ಕು ನೋಡಬೇಕು. ಆಟೋ, ಬಸ್ಸು ನಿಲ್ಲೋ ಜಾಗ ಮೂಲೆಯಿಂದ ದೂರ ಹೋಗಬೇಕು. ಬೈಪಾಸ್ ದೂರದ ಲಾರಿಗಳನ್ನ ಹೊರಗೆ ಕಳಿಸಬಹುದು. ಊರವರು ದಾಟೋದು ಇಲ್ಲೇ ತಾನೇ?

ಸಿಮೆಂಟಿಗೆ ಮುಂಚೆ ಬಣ್ಣ, ಕೋನ್, ಬ್ಯಾರಿಕೇಡ್ ಇಟ್ಟು ಪ್ರಯೋಗ ಮಾಡಬಹುದು. ಮುಂಬೈನ ಮಲಾಡ್‌ನ ಮಿಥ್‌ಚೌಕಿಯಲ್ಲಿ ಹಾಗೇ ಮಾಡಿ ನೋಡಿದ್ರು. ಸರಿಹೋಗದಿದ್ರೆ ಕೋನ್ ಎತ್ತಿಟ್ರೆ ಆಯ್ತು.

ಹಬ್ಬಕ್ಕೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ನಿಮ್ಮೂರ ಸರ್ಕಲ್ಲಿನಲ್ಲಿ ಅರ್ಧ ಗಂಟೆ ನಿಂತು, ವಯಸ್ಸಾದವರು ದಾಟೋಕೆ ಎಷ್ಟು ಸೆಕೆಂಡ್ ಹಿಡಿಯುತ್ತೆ, ಎಷ್ಟು ಸಲ ಓಡಬೇಕಾಯ್ತು ಅಂತ ಬರ್ಕೊಳ್ಳಿ. ಅದನ್ನ ನಗರಸಭೆಗೆ ಅರ್ಜಿ ಮಾಡಿ ಕೊಡಿ. ಆ ಕಡತಕ್ಕೆ ಮೊದಲು ಸೇರೋ ಕಾಗದ ಪೋಸ್ಟ್‌ಮಾರ್ಟಂ ವರದಿ ಆಗೋದು ಬೇಡ.