ಟೊಂಗೆ ಅಳೆಯುವ ಲೆಕ್ಕ

ಎರಡು ಹಿಡಿ ಮಣ್ಣು, ಎರಡರಲ್ಲೂ ಲೆಕ್ಕವಿಲ್ಲದಷ್ಟು ಬಗೆಯ ಬ್ಯಾಕ್ಟೀರಿಯಾ. ಇವೆರಡು ಎಷ್ಟು ಬೇರೆ? ಎರಡು ಪಟ್ಟಿ ಮಾಡಿ, ಎರಡರಲ್ಲೂ ಇರುವ ಹೆಸರುಗಳನ್ನು ಎಣಿಸುವುದೊಂದು ದಾರಿ. ಆದರೆ ಆ ಎಣಿಕೆಗೆ ದಾಯಾದಿಯೂ ಒಂದೇ, ಗುರುತೇ ಇಲ್ಲದವನೂ ಒಂದೇ.

2005ರಲ್ಲಿ ಕ್ಯಾಥರೀನ್ ಲೊಜುಪೋನ್ ಮತ್ತು ರಾಬ್ ನೈಟ್ ಮುಂದಿಟ್ಟ ‘ಯುನಿಫ್ರಾಕ್’ ಎಂಬ ಅಳತೆ ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ. ಅದು ನಂಟನ್ನು ಲೆಕ್ಕಕ್ಕೆ ತರುತ್ತದೆ. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ 16ಎಸ್ ಜೀನ್‌ನ ಅನುಕ್ರಮಗಳನ್ನು ಹೋಲಿಸಿ ಎರಡೂ ಮಾದರಿಗಳ ಜೀವಿಗಳನ್ನು ಒಂದೇ ವಂಶವೃಕ್ಷದಲ್ಲಿ ಕೂರಿಸುತ್ತಾರೆ. ಆಮೇಲೆ ಒಂದೇ ಮಾದರಿಯ ಜೀವಿಗಳಿಗೆ ಹೋಗುವ ಟೊಂಗೆಗಳ ಉದ್ದವನ್ನು ಕೂಡಿಸಿ, ಮರದ ಒಟ್ಟು ಟೊಂಗೆಯುದ್ದದಿಂದ ಭಾಗಿಸುತ್ತಾರೆ. ಅಷ್ಟೇ! ಸೊನ್ನೆ ಬಂದರೆ ಎಲ್ಲ ಟೊಂಗೆಯೂ ಇಬ್ಬರದು. ಒಂದು ಬಂದರೆ ಯಾವುದೂ ಇಬ್ಬರದಲ್ಲ.

ಬಂದ ಅಂತರ ಬರೀ ಆಕಸ್ಮಿಕವೋ? ಯಾವ ಅನುಕ್ರಮ ಯಾವ ಮಣ್ಣಿನದು ಎಂಬ ಚೀಟಿಗಳನ್ನು ಕಲಸಿ ಹಂಚಿ, ಮತ್ತೆ ಮತ್ತೆ ಅಳೆಯುತ್ತಾರೆ. ಕಲಸಿದಾಗಲೂ ಆಗಾಗ ಅಷ್ಟೇ ಅಂತರ ಬಂದರೆ ಮೊದಲಿನದಕ್ಕೆ ಬೆಲೆಯಿಲ್ಲ. ಪರೀಕ್ಷೆಯಲ್ಲೂ ಇದೇ ಸರಳತೆ.

ಕೊರತೆಯೂ ಉಂಟು. ಇದು ಇರುವಿಕೆಯನ್ನಷ್ಟೇ ನೋಡುತ್ತದೆ. ಮಣ್ಣಿನ ಅರ್ಧವನ್ನೇ ತುಂಬಿದ ಜೀವಿಗೂ ಒಮ್ಮೆ ಇಣುಕಿದ್ದಕ್ಕೂ ಸಮಾನ ಮಾನ. ಪ್ರಮಾಣಕ್ಕೆ ತೂಕ ಕೊಡುವ ರೂಪ 2007ರಲ್ಲಿ ಬಂತು. ಅದು ಅಪರೂಪದವರನ್ನು ಬಹುಮಟ್ಟಿಗೆ ಮರೆಯುತ್ತದೆ. ಹಾಗಾಗಿ ಎರಡನ್ನೂ ಓಡಿಸಿ ನೋಡುವವರೇ ಜಾಣರು.