‘ತೀರ್ಪು’ ಎಂಬ ಮಾತಿನ ಗತಿ

ನ್ಯಾಯಾಲಯದ ಪರಿಭಾಷೆಯನ್ನು ಕನ್ನಡಿಸುವವರು ಒಂದು ಇಂಗ್ಲಿಷ್ ಶಬ್ದಕ್ಕೆ ಒಂದು ಕನ್ನಡ ಶಬ್ದವನ್ನು ಹೊಂದಿಸಿದೊಡನೆ ಕೆಲಸ ಮುಗಿಯಿತೆಂದು ಬಗೆಯುವದುಂಟು. ಆ ಶಬ್ದವು ಹಳ್ಳಿಯ ಕಟ್ಟೆಯ ಮೇಲೆ ಮೊದಲೇ ಯಾವ ಅರ್ಥದಿಂದ ಬಾಳುತ್ತಿದೆಯೆಂಬುದನ್ನು ವಿಚಾರಿಸುವವರು ವಿರಳ. ‘ತೀರ್ಪು’ ಎಂಬ ಮಾತಿಗೆ ಒದಗಿದ ಗತಿಯು ಇದಕ್ಕೆ ನಿದರ್ಶನವಾಗಿದೆ.

ತೀರ್ಪು ಹುಟ್ಟಿದ್ದು ‘ತೀರು’ ಧಾತುವಿನಿಂದ. ಸಾಲ ತೀರುವದು, ಹರಕೆ ತೀರುವದು. ಸತ್ತವನನ್ನು ತೀರಿಕೊಂಡನೆನ್ನುವದೂ ಅದರಿಂದಲೇ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ರೈತನ ಕಿವಿಗೆ ತೀರ್ಪೆಂದರೆ ಇನ್ನು ಮುಂದೆ ಮಾತಿಲ್ಲವೆಂದೇ ಅರ್ಥ. ಪಂಚರು ಕೂಡಿ ನ್ಯಾಯ ಬಗೆಹರಿಸಿದ ಮೇಲೆ ಎರಡೂ ಪಕ್ಷದವರು ಎದ್ದು ಹೊಲದ ದಾರಿ ಹಿಡಿಯತಕ್ಕದ್ದು. ಇಲ್ಲಿಯ ಆಡುಮಾತಿನಲ್ಲಿ ‘ನ್ಯಾಯ’ವು ಧರ್ಮವಷ್ಟೇ ಅಲ್ಲ, ತಂಟೆಯೂ ಅಹುದೆಂಬುದು ಸ್ವಾರಸ್ಯಕರವಾಗಿದೆ.

ಕಾಯದೆಯ ನಡಿಗೆ ಬೇರೆ. 1908ನೆಯ ಇಸವಿಯ ದಿವಾಣಿ ಪ್ರಕ್ರಿಯಾ ಸಂಹಿತೆಯ ಪ್ರಕಾರ ನಿರ್ಣಯದ ಕಾರಣಗಳನ್ನು ಹೇಳುವ ಬರಹವು ಜಜ್ಜಮೆಂಟು. ಪಕ್ಷಕಾರರ ಹಕ್ಕನ್ನು ವಿಧಿವತ್ತಾಗಿ ಸಾರುವದು ಡಿಕ್ರಿ. ಡಿಕ್ರಿಯಲ್ಲದ ನಿರ್ಣಯವು ಆರ್ಡರು. 1956ರ ವರೆಗೆ ಮುಂಬಯಿಯ ಆಡಳಿತದಲ್ಲಿದ್ದ ಧಾರವಾಡಕ್ಕೆ ಹುಕುಮನಾಮೆ, ನಿಕಾಲಿ, ದರಖಾಸ್ತು ಎಂಬ ಮಾತುಗಳು ಮರಾಠಿಯ ಮೂಲಕ ಬಂದವು. ಮೈಸೂರ ಸೀಮೆಯಲ್ಲಿ ದರಖಾಸ್ತೆಂದರೆ ಸರಕಾರಿ ಜಮೀನು ಬೇಡುವ ಅರ್ಜಿ. ಇಲ್ಲಿಯ ಕೋರ್ಟುಗಳಲ್ಲಿ ಡಿಕ್ರಿಯನ್ನು ಅಮಲಿಗೆ ತರಿಸಿಕೊಳ್ಳುವ ಅರ್ಜಿ. ಪರಕೀಯ ಶಬ್ದಗಳೆಂದು ಮೂಗು ಮುರಿಯುವವರು ಅವುಗಳೊಳಗಿನ ವಿವೇಕವನ್ನು ಕಾಣರು. ಗೆದ್ದ ಮೇಲೆಯೂ ದರಖಾಸ್ತಿನ ಅಲೆದಾಟವಿದೆಯೆಂಬುದನ್ನು ಹಳೆಯ ಕಕ್ಷಿದಾರನು ಆ ಮಾತಿನಿಂದಲೇ ಅರಿತಿದ್ದನು. ಅಚ್ಚಗನ್ನಡದ ‘ತೀರ್ಪು’ ಒಂದೇ ಇವೆಲ್ಲವುಗಳ ಸ್ಥಾನವನ್ನು ಹಿಡಿದಾಗ ಭಾಷೆಗೆ ಶುದ್ಧಿ ಬಂದಿತು, ಭೇದ ಅಳಿಯಿತು.

ಇದು ಪಂಡಿತರ ಚರ್ಚೆಗಷ್ಟೇ ಸೇರಿದ ದೋಷವಲ್ಲ. ಕಳಸಾ-ಬಂಡೂರಿಯ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು ನವಲಗುಂದದ ರೈತರು 2015ರಿಂದ ಧರಣಿ ಕುಳಿತಿದ್ದರು. 2010ರಲ್ಲಿ ನೇಮಕವಾದ ಮಹದಾಯಿ ಜಲವಿವಾದ ನ್ಯಾಯಾಧಿಕರಣವು, ತಾತ್ಪೂರ್ತಿಕವಾಗಿ ಸುಮಾರು 7 ಟಿ.ಎಂ.ಸಿ. ನೀರನ್ನು ಬೇಡಿದ ಕರ್ನಾಟಕದ ಅರ್ಜಿಯನ್ನು 2016ನೆಯ ಜುಲೈ 27ರಂದು ತಳ್ಳಿಹಾಕಿತು. ಮೂಲವಿವಾದವು ಇದ್ದಂತೆಯೇ ಇದ್ದಿತು. ಹೊರಟದ್ದು ನಡುವಿನ ಒಂದು ಆದೇಶ ಮಾತ್ರ. ಅದಕ್ಕೆ ಬಳಕೆಯಾದ ಹೆಸರು ‘ಮಧ್ಯಂತರ ತೀರ್ಪು’. ನಡುವೆಯೇ ತೀರಿಹೋಯಿತೆನ್ನುವ ಈ ಜೋಡಣೆ ಎಂಥದು! ಮರುದಿನಗಳಲ್ಲಿ ನವಲಗುಂದವು ಹೊತ್ತಿ ಉರಿಯಿತು. ಯಮನೂರಿನಲ್ಲಿ ಲಾಠಿಯೇಟುಗಳು ಬಿದ್ದವು. ಆ ಸಿಟ್ಟಿಗೆ ವರ್ಷಗಳ ಬರಗಾಲವೇ ಮೂಲಕಾರಣವೆಂಬುದು ನಿಜ, ಒಂದು ಶಬ್ದವಲ್ಲ. ಆದರೆ ಬಾಗಿಲು ಇನ್ನೂ ತೆರೆದಿದೆಯೆಂಬುದನ್ನು ಆ ಶಬ್ದವು ಮರೆಮಾಚಿತು.

2018ನೆಯ ಆಗಸ್ಟ್ 14ರಂದು ನ್ಯಾಯಾಧಿಕರಣವು ಕರ್ನಾಟಕಕ್ಕೆ 13.42 ಟಿ.ಎಂ.ಸಿ. ಹಂಚಿತು, ಅದರಲ್ಲಿ ಕಳಸಾ ಬಂಡೂರಿಗಳ ಪಾಲು 3.90. ಇದೂ ‘ತೀರ್ಪು’. 1956ರ ಅಂತರರಾಜ್ಯ ನದಿನೀರು ವಿವಾದಗಳ ಕಾಯದೆಯಂತೆ ಇಂಥ ನಿರ್ಣಯವು ರಾಜಪತ್ರದಲ್ಲಿ ಪ್ರಕಟವಾದ ಮೇಲೆಯೇ ಸುಪ್ರೀಂ ಕೋರ್ಟಿನ ಡಿಕ್ರಿಯ ಬಲವನ್ನು ಪಡೆಯುವದು. ಆ ಪ್ರಕಟನೆಯಾದದ್ದು 2020ನೆಯ ಫೆಬ್ರುವರಿ 27ರಂದು. ಆಮೇಲೂ ಅರಣ್ಯ ಮತ್ತು ವನ್ಯಜೀವಿಗಳ ಅನುಮತಿಯ ಪ್ರಶ್ನೆಗಳು ಉಳಿದವು. ಹಳೆಯ ಕಕ್ಷಿದಾರನಾಗಿದ್ದರೆ, ಇದು ದರಖಾಸ್ತಿನ ಕಾಲವೆಂದು ತಿಳಿದುಕೊಳ್ಳುತ್ತಿದ್ದನು.

ಕಾನೂನಿನ ಕನ್ನಡದಲ್ಲಿ ಇಂಥ ನಿರ್ಣಯಕ್ಕೆ ‘ಐತೀರ್ಪು’ ಎಂಬ ಹೆಸರುಂಟು. ಐವರ ಪಂಚಾಯತಿಯನ್ನು ನೆನಪಿಗೆ ತರುವ ಚೆಲುವಾದ ಮಾತು. ಮಹದಾಯಿಯ ಪೀಠದಲ್ಲಿ ಕುಳಿತವರು ಮೂವರೆಂಬ ಆಕ್ಷೇಪವನ್ನು ವಿನೋದಕ್ಕೆ ಬಿಡಬಹುದು. ಗಟ್ಟಿಯಾದ ಆಕ್ಷೇಪವೆಂದರೆ, ಇದರ ಹೊಟ್ಟೆಯಲ್ಲಿಯೂ ‘ತೀರು’ ಇದೆ. ಮೇಲ್ಮನವಿಗೆ ಎಡೆಯಿರುವಲ್ಲಿ ‘ನಿರ್ಣಯ’, ನಡುವಿನದಕ್ಕೆ ‘ಆದೇಶ’ ಎಂದು ಬರೆದರೆ ಪತ್ರಿಕೆಯ ತಲೆಬರಹಕ್ಕೆ ಹೆಚ್ಚಿನ ಜಾಗವೇನೂ ಬೇಕಾಗದು. ‘ತೀರ್ಪ’ನ್ನು ಎಲ್ಲ ಬಾಗಿಲುಗಳು ಮುಚ್ಚಿದ ದಿನಕ್ಕೆ ಕಾದಿಡಬಹುದು.